ಅಣವೀರಪ್ಪನ ನೀಲಿ ಶರಬತ್ತು

ಭಾನುವಾರ ಬಂತೆಂದರೆ ಮುಂಬೈನ ಕುರ್ಲಾದ ಚಾಳಿನಲ್ಲಿ ಗಾರೆ ಕೆಲಸದ ಅಣವೀರಪ್ಪನಿಗೆ ನೀಲಿ ಶರಬತ್ತಿನ ಹುಚ್ಚು ಏರುತ್ತದೆ. ಎಳನೀರಿಗೆ ನೀಲಿ ಸಿರಪ್ಪು, ಸೋಡಾ ಸುರಿದ ಮೇಲೆ ಅನಾನಸ್ ರಸವನ್ನು ಮಾತ್ರ ಕೂಸಿಗೆ ಔಷಧಿ ಕುಡಿಸುವವನಂತೆ ಹನಿಸುತ್ತಾನೆ. ತುಸು ಹೆಚ್ಚಾದರೂ ನೀಲಿ ಹೋಗಿ ಹಸಿರಾಗುತ್ತದೆ. ಹಸಿರಾಯಿತೋ, ಅಷ್ಟನ್ನೂ ನೆರೆಯವರಿಗೆ ಹಂಚಿ ಮತ್ತೆ ಮೊದಲಿನಿಂದ ಶುರು. ಕೊನೆಗೆ ಗೋಡೆಯ ನೇರ ನೋಡುವವನಂತೆ ಒಂದು ಕಣ್ಣು ಮುಚ್ಚಿ, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈಗ ಬಂತ ನೋಡ್ರಿ ಬಣ್ಣ!" ಎನ್ನುತ್ತಾನೆ. ಮೊದಲ ಲೋಟ ತಾಯಿ ದಾನವ್ವನಿಗೆ. "ಮುಂಬೈ ಸಮುದ್ರ ನೀಲಿ ಐತಿ ಯವ್ವಾ" ಎಂದು ವರ್ಷಗಟ್ಟಲೆ ಫೋನಿನಲ್ಲಿ ಹೇಳಿ ಆಕೆಯನ್ನು ಊರಿಂದ ಕರೆಸಿಕೊಂಡಿದ್ದ. ಜುಹು ಕಡಲತೀರದಲ್ಲಿ ಆಕೆ ಕಂಡದ್ದು ರಾಡಿ ನೀರು. ಅಂದು ಅವನು ತಲೆ ತಗ್ಗಿಸಿದ್ದ. ಈಗ ದಾನವ್ವ ಗಟಗಟ ಕುಡಿದು, ನೀಲಿಯಾದ ನಾಲಿಗೆ ಚಪ್ಪರಿಸಿ ಹೇಳುತ್ತಾಳೆ: "ನಿನ್ನ ಸಮುದ್ರ ಸಿಹಿ ಐತಿ ಬಿಡೋ."