ಸೈಗಾನಿನ ರಸ್ತೆಯಲ್ಲಿ ಬಿಟ್ಟ ಕೈ

ನಡುರಸ್ತೆಯಲ್ಲಿ ಹುಲಿಗೆಮ್ಮನ ಕೈ ಬಿಟ್ಟು ಓಡಿದವಳು ನಾನು. ಊರಿಗೆ ಬಂದು ಅವಳ ಅಪ್ಪನಿಗೆ ಹೇಳಿದ್ದು ಬೇರೆಯೇ. ಆ ಸುಳ್ಳಿನ ಅರ್ಧ ಕಥೆ ನಗು ಬರಿಸುವಂಥದ್ದು — ನೆನೆದಾಗಲೆಲ್ಲ ನನಗೇ ನಗು ಬರುತ್ತದೆ, ನಿಮಗೆ ಬಂದರೂ ತಡೆದುಕೊಳ್ಳಬೇಡಿ. ಉಳಿದರ್ಧಕ್ಕೆ ನಗು ಬರುವುದಿಲ್ಲ. ಅದನ್ನೂ ಹೇಳುತ್ತೇನೆ.

ನಾನು ಕುಷ್ಟಗಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ರೈತರಿಗೆ ಡ್ರ್ಯಾಗನ್ ಹಣ್ಣಿನ ಹುಚ್ಚು ಹತ್ತಿತ್ತು. ಆ ಹಣ್ಣನ್ನು ಹೇರಳವಾಗಿ ಬೆಳೆಯುವ ವಿಯೆಟ್ನಾಮಿನ ಒಂದು ಕೃಷಿ ಕಾಲೇಜಿನವರು ನಮ್ಮ ಮಕ್ಕಳನ್ನು ಒಂದು ವಾರದ ಮಟ್ಟಿಗೆ ಕರೆದರು. ಕರೆದುಕೊಂಡು ಹೋಗಲು ಯಾರು ತಯಾರು ಎಂದು ಪ್ರಿನ್ಸಿಪಾಲರು ಕೇಳಿ ಮುಗಿಸುವ ಮೊದಲೇ ನನ್ನ ಕೈ ಮೇಲಿತ್ತು. ಹೈದರಾಬಾದಿನಿಂದ ಆಚೆ ಕಾಲಿಟ್ಟವಳಲ್ಲ ನಾನು. ಆದರೂ, "ಫಾರಿನ್ ಟ್ರಿಪ್ಪಂದ್ರ ಏನೂ ಇಲ್ರಿ, ಶಿಸ್ತು ಇದ್ರ ಸಾಕು" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪಾಠ ಮಾಡಿದ್ದೆ. ನನ್ನ ಸ್ವಭಾವವೇ ಹಾಗೆ — ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ನಾಲಿಗೆ ಏಳುವುದಿಲ್ಲ.

ಹುಲಿಗೆಮ್ಮ ಹಿಂದಿನ ಬೆಂಚಿನ ಹುಡುಗಿ. ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ. ಅವಳು ಪುಕ್ಕಲಿ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವಳ ಅಪ್ಪ ಯಮನೂರಪ್ಪ ಊರಾಚೆ ದಾಳಿಂಬೆ ತೋಟ ಮಾಡಿಕೊಂಡಿದ್ದವರು. ಹೊರಡುವ ಮುನ್ನಾದಿನ ನಮ್ಮ ಮನೆಗೇ ಬಂದರು. ಕುರ್ಚಿ ಕೊಟ್ಟರೂ ತುದಿಯಲ್ಲಿಯೇ ಕುಳಿತರು.

"ಆಕಿ ಕುಷ್ಟಗಿ ಸಂತಿ ಬಿಟ್ರ ಬ್ಯಾರೆ ಏನೂ ನೋಡಿಲ್ರಿ ಮೇಡಂ. ನಿಮ್ಮ ಭರೋಸಾದ ಮ್ಯಾಲ ಕಳಸಾಕತ್ತೀನ್ರಿ."

"ನೀವು ಚಿಂತಿ ಬಿಡ್ರಿ" ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹಿತವಾಗಿತ್ತೆಂದರೆ — ಇರಲಿ.

ನಾವು ಇಳಿದದ್ದು ಹೋ ಚಿ ಮಿನ್ ನಗರದಲ್ಲಿ. ಅಲ್ಲಿಯ ಜನ ಈಗಲೂ ಸೈಗಾನ್ ಎನ್ನುತ್ತಾರೆ, ನಮ್ಮ ಬಾಯಿಗೂ ಅದೇ ಸಲೀಸು. ಹನ್ನೆರಡು ಮಕ್ಕಳು, ಗಂಟುಗಟ್ಟಲೆ ಖಡಕ್ ರೊಟ್ಟಿ, ಡಬ್ಬಿಗಟ್ಟಲೆ ಶೇಂಗಾ ಚಟ್ನಿ, ಮತ್ತು ನಾನು. ವಿಮಾನ ನಿಲ್ದಾಣದವರು ಆ ರೊಟ್ಟಿಗಳನ್ನು ಬೆರಳಿನಿಂದ ಬಡಿದು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿಟ್ಟುಕೊಟ್ಟರು. ಗುಂಪು ಚದುರಬಾರದೆಂದು ಕೊಡೆಯ ತುದಿಗೆ ಕುಪ್ಪಸದ ಒಂದು ಕೆಂಪು ಖಣ ಕಟ್ಟಿಕೊಂಡಿದ್ದೆ. ಅದನ್ನು ಎತ್ತಿ ಹಿಡಿದು ಮುಂದೆ ನಾನು, ಸಾಲಾಗಿ ಹಿಂದೆ ಮಕ್ಕಳು. ಮೊದಲ ಎರಡು ದಿನ ಅಲ್ಲಿಯ ಕಾಲೇಜಿನವರೇ ಬಸ್ಸಿನಲ್ಲಿ ತೋಟದಿಂದ ತೋಟಕ್ಕೆ ತಿರುಗಿಸಿದ್ದರಿಂದ ನನ್ನ ದರ್ಬಾರು ಚೆನ್ನಾಗಿಯೇ ನಡೆಯಿತು.

ಮೂರನೆಯ ದಿನ ಬಿಡುವು. ಬಸ್ಸಿನವನು ದೊಡ್ಡ ಮಾರುಕಟ್ಟೆಯ ಹತ್ತಿರ ಒಂದು ಹುಣಸೆ ಮರದ ಕೆಳಗೆ ನಮ್ಮನ್ನು ಇಳಿಸಿ, ಸಂಜೆ ಇಲ್ಲಿಗೇ ಬರುತ್ತೇನೆಂದು ಕೈಸನ್ನೆ ಮಾಡಿ ಹೋದ. ಎದುರಿನ ರಸ್ತೆ ನೋಡಿ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಬೈಕು, ಬೈಕು, ಬರೀ ಬೈಕು. ಯಾವುದೂ ನಿಲ್ಲುವುದಿಲ್ಲ, ಸಾಲಿಗೆ ಕೊನೆಯೂ ಇಲ್ಲ.

"ಮೇಡಂ, ಇದು ಖಾಲಿ ಆಗೋತನಕ ನಿಂತ್ರ ನಮ್ಮ ವೀಸಾ ಮುಗೀತೈತ್ರಿ" ಎಂದ ಪಂಪಾಪತಿ. ನಮ್ಮ ಗುಂಪಿನ ಬಾಯಿಬಡುಕ ಅವನು.

ಎಲ್ಲರೂ ನಕ್ಕರು. ನನಗೆ ಮಾನ ಹೋದಂತಾಯಿತು. ಪಕ್ಕದಲ್ಲಿದ್ದ ಹುಲಿಗೆಮ್ಮನ ಕೈ ಹಿಡಿದು, ಉಳಿದವರಿಗೆ ಅಲ್ಲಿಯೇ ನಿಂತು ನೋಡಿ ಕಲಿಯಿರೆಂದು ಹೇಳಿ, ಖಣ ಎತ್ತಿ ರಸ್ತೆಗಿಳಿದೇಬಿಟ್ಟೆ.

ಅರ್ಧ ದಾರಿ ಸರಿಯಾಗಿಯೇ ಹೋದೆ. ಆಮೇಲೆ ಒಂದು ಬೈಕು — ಹಿಂದೆ ಇಡೀ ಕಪಾಟನ್ನೇ ಕಟ್ಟಿಕೊಂಡದ್ದು — ನೇರ ನನ್ನ ಮೇಲೆಯೇ ಬಂದಂತೆನಿಸಿತು. ಅಷ್ಟೇ. ಶಿಸ್ತು, ಭರೋಸಾ, ಖಣ ಎಲ್ಲ ಬಿಟ್ಟು — ಅಲ್ಲ, ಖಣ ಬಿಡಲಿಲ್ಲ, ಹುಡುಗಿಯ ಕೈ ಬಿಟ್ಟೆ — ಸೀರೆ ಎತ್ತಿಕೊಂಡು ಬಂದ ದಾರಿಗೇ ಓಡಿದೆ. ತಿರುಗಿ ನೋಡಿದರೆ ಹುಲಿಗೆಮ್ಮ ನಿಂತಿಲ್ಲ, ಓಡಿಲ್ಲ, ತನ್ನ ಪಾಡಿಗೆ ನಡೆಯುತ್ತ ಆಚೆ ಬದಿ ಸೇರುತ್ತಿದ್ದಳು. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬಂದರೆ ಅಂಗಳಕ್ಕೆ ಹೋಗಿ ನಿಲ್ಲುತ್ತೇವೆ, ಈ ಮಳೆಗೆ ಕಣ್ಣೂ ತೆರೆಯಲಾಗಲಿಲ್ಲ. ಮಕ್ಕಳನ್ನು ಎಳೆದುಕೊಂಡು ಸ್ವಲ್ಪ ದೂರದ ಒಂದು ಅಂಗಡಿ ಹೊಕ್ಕೆ. ಮಳೆ ನಿಂತ ಮೇಲೆ ನೋಡಿದರೆ ಆಚೆ ಬದಿ ಅವಳಿರಲಿಲ್ಲ.

ಅವಳ ಫೋನಿಗೆ ಅಲ್ಲಿಯ ಸಿಮ್ ಇರಲಿಲ್ಲ. ಸಿಮ್ ಇದ್ದದ್ದು ನನ್ನೊಬ್ಬಳ ಫೋನಿನಲ್ಲಿ, ಅದೂ ಬೆಳಗಿನಿಂದ ವಿಡಿಯೋ ಮಾಡಿ ಮಾಡಿ ಸತ್ತಿತ್ತು.

"ಬಸ್ ಇಳದ ಹುಣಸಿ ಗಿಡದ ಕೆಳಗ ಹೋಗಿ ನಿಂದ್ರೂಣ್ರಿ ಮೇಡಂ" ಎಂದ ಪಂಪಾಪತಿ. ನಾನು ಕೇಳಲಿಲ್ಲ. ಉಳಿದವರನ್ನೆಲ್ಲ ಹಿಂದೆ ಹಾಕಿಕೊಂಡು, ದೂರದ ಸಿಗ್ನಲ್ಲಿನಲ್ಲಿ ರಸ್ತೆ ದಾಟಿ, ಓಣಿ ಓಣಿ ತಿರುಗಿದೆ. ದಾರಿ ಕೇಳಲು ನಾಚಿಕೆ, ಕೇಳೋಣವೆಂದರೆ ಭಾಷೆ ಬಾರದು. ಹುಡುಕಲು ಹೊರಟವರಿಗೆ ತಾವೇ ಎಲ್ಲಿದ್ದೇವೆಂದು ತಿಳಿಯದ ಹಾಗಾಯಿತು. "ಮೇಡಂ, ಈ ಚಪ್ಪಲಿ ಅಂಗಡಿಯಾಕಿ ನಮ್ಮ ಗುರ್ತ ಹಿಡದು ನಗಾಕತ್ತಾಳ್ರಿ" ಎಂದ ಅವನೇ. ನನ್ನ ತಲೆಯಲ್ಲಿ ಇದ್ದದ್ದು ಒಂದೇ — ಯಮನೂರಪ್ಪನವರಿಗೆ ಏನು ಹೇಳಲಿ. ಹುಡುಗಿಗೆ ಏನಾಯಿತೋ ಎಂಬ ಯೋಚನೆ ಅದರ ಹಿಂದೆ ಬಂತು. ಆ ಕ್ರಮವನ್ನು ಇವತ್ತು ಮುಚ್ಚಿಡುವುದಿಲ್ಲ.

ಸಂಜೆ ಅದೇ ಚಪ್ಪಲಿ ಅಂಗಡಿಯ ಮುಂದೆ ಸೋತು ಕುಳಿತಿದ್ದಾಗ ಓಣಿಯ ತುದಿಯಿಂದ ಹುಲಿಗೆಮ್ಮ ಬಂದಳು. ಕೈಯಲ್ಲಿ ಉಪ್ಪುಖಾರ ಹಚ್ಚಿದ ಮಾವಿನಕಾಯಿಯ ಹೋಳುಗಳು.

"ಎಲ್ಲಿ ಹೋಗಿದ್ದಿ?" ಎಂದು ನಾನೇ ಗದರಿದೆ, ನಾಚಿಕೆಯಿಲ್ಲದೆ.

"ಎಲ್ಲೂ ಹೋಗಿಲ್ರಿ. ಮಳಿ ನಿಂತ ಮ್ಯಾಲ ಬಸ್ ಇಳದ ಕಡಿನ ಬಂದು ನಿಂತಿದ್ದೆ. ಸಂತ್ಯಾಗ ತಪ್ಪಿಸ್ಕೊಂಡ್ರ ಹುಡುಕ್ಯಾಡಬಾರದು, ಗಾಡಿ ಬಿಟ್ಟ ಕಡಿ ಬಂದು ನಿಂದ್ರಬೇಕು ಅಂತ ಅಪ್ಪ ಹೇಳ್ಯಾನ್ರಿ. ಬಸ್ ಬಂತು, ನೀವು ಬರಲಿಲ್ಲ. ಅದಕ್ಕ ನಿಮ್ಮನ್ನ ಹುಡುಕಾಕ ಬಂದೆ."

ನಮ್ಮನ್ನು ಹುಡುಕುವುದು ಅವಳಿಗೆ ಕಷ್ಟವೇ ಆಗಿರಲಿಲ್ಲ. ತನ್ನ ದುಪಟ್ಟಾ ಎತ್ತಿ ಬಾವುಟದಂತೆ ಆಡಿಸಿ ತೋರಿಸಿದ್ದಾಳೆ, ಮಾರುಕಟ್ಟೆಯವರೆಲ್ಲ ನಗುತ್ತ ಓಣಿಯಿಂದ ಓಣಿಗೆ ದಾರಿ ತೋರಿಸಿದ್ದಾರೆ. ಮಧ್ಯಾಹ್ನದಿಂದ ಕೆಂಪು ಬಟ್ಟೆ ಹಿಡಿದು ಸುತ್ತುತ್ತಿದ್ದ ಸೀರೆಯ ಹೆಂಗಸನ್ನು ನೋಡದವರೇ ಅಲ್ಲಿ ಇರಲಿಲ್ಲವಂತೆ. ಒಬ್ಬಳು ಅಜ್ಜಿ ಮಾವಿನಕಾಯಿಯನ್ನೂ ಕೊಟ್ಟು ಕಳಿಸಿದ್ದಳು.

ಮತ್ತೆ ಆ ರಸ್ತೆ ಬಂತು. ಈ ಸಲ ಅವಳು ನನ್ನ ಕೈ ಹಿಡಿದಳು.

"ನಿಂದ್ರಬ್ಯಾಡ್ರಿ, ಓಡಬ್ಯಾಡ್ರಿ ಮೇಡಂ. ಕುರಿ ಹಿಂಡಿನ್ಯಾಗ ನಡದಂಗ ನಡೀರಿ. ಅವ ತಾವಾ ಸರೀತಾವ."

ಸರಿದವು. ಎಲ್ಲ ಮಕ್ಕಳೂ ಅವಳ ಹಿಂದೆ ಸಾಲುಗಟ್ಟಿ ದಾಟಿದರು. ಬಸ್ಸಿನಲ್ಲಿ ಮಾವಿನಕಾಯಿ ಹಂಚಿಕೊಂಡು ತಿಂದೆವು, ಪಂಪಾಪತಿ ನಾನು ಓಡಿದ ರೀತಿಯನ್ನು ಅಭಿನಯಿಸಿ ತೋರಿಸಿದ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ಸುಖದ ಸಂಜೆ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ — ಬಿಡಲಿಲ್ಲ. ಊಟವಾದ ಮೇಲೆ ಎಲ್ಲರನ್ನೂ ಕೂರಿಸಿ, ಇದು ನಮ್ಮೊಳಗೇ ಇರಬೇಕೆಂದು ಹೇಳಿದೆ. ಹುಲಿಗೆಮ್ಮನನ್ನು ಬೇರೆಯಾಗಿ ಕರೆದೆ. "ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ಅಪ್ಪಗ ಗೊತ್ತಾದ್ರ ಮತ್ತ ಎಲ್ಲೂ ಕಳಸೂದಿಲ್ಲ ನೋಡು." ಅವಳು ಹೂಂ ಎಂದಳು. ಅದು ಯಾರ ಒಳ್ಳೆಯದಕ್ಕೆಂದು ಅವಳಿಗೂ ಗೊತ್ತಿತ್ತು.

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಯಮನೂರಪ್ಪನವರು ದಾಳಿಂಬೆ ಚೀಲದೊಂದಿಗೆ ಕಾಯುತ್ತಿದ್ದರು. ಹೆಂಗ ಇದ್ದಳೆಂದು ಕೇಳಿದರು. ಛಲೋ ಇದ್ದಳು ಎಂದರೆ ಸಾಕಿತ್ತು. ನನಗೆ ಅಷ್ಟಕ್ಕೆ ಸಾಲಲಿಲ್ಲ.

"ಆಕಿ ಕೈ ನಾ ಬಿಟ್ಟೇ ಇಲ್ರಿ" ಎಂದೆ.

ಅವರು ಕೈ ಮುಗಿದರು. ಹುಲಿಗೆಮ್ಮ ಚೀಲಗಳನ್ನು ಗಾಡಿಗೆ ಹಾಕುತ್ತಿದ್ದಳು. ಇದು ಮೊದಲನೆಯ ಸುಳ್ಳು.

ಮರುವರ್ಷ ಅವಳಿಗೆ ಧಾರವಾಡದಲ್ಲಿ ಎಂಎಸ್ಸಿ ಸೀಟು ಸಿಕ್ಕಿತು. ಅಪ್ಪ ಮಗಳು ಇಬ್ಬರೂ ಮನೆಗೆ ಬಂದರು.

"ಇಕಿ ಒಬ್ಬಾಕಿ ಅಲ್ಲಿ ಇರ್ತಾಳೇನ್ರಿ? ನಮಗೇನು ತಿಳೀತೈತಿ. ಅಷ್ಟು ದೂರ ಕೈ ಹಿಡಕೊಂಡು ಹೋಗಿ ಬಂದೀರಿ ನೀವು. ನೀವು ಹೂಂ ಅಂದ್ರ ಕಳಸ್ತೀನಿ, ಬ್ಯಾಡಂದ್ರ ಇಲ್ಲ."

ಒಂದು ಮಾತು ಸಾಕಿತ್ತು. ಗುರುತಿಲ್ಲದ ಊರಿನಲ್ಲಿ, ಭಾಷೆ ಬಾರದ ಜನರ ನಡುವೆ, ಹನ್ನೆರಡು ಮಂದಿಯನ್ನು ಹುಡುಕಿ ತಂದವಳು ಇವಳು ಎನ್ನಬೇಕಿತ್ತು. ಆದರೆ ಹಾಗೆಂದರೆ ಆ ರಸ್ತೆಯ ಕಥೆ ಬರುತ್ತದೆ, ಓಡಿದ್ದು ಬರುತ್ತದೆ, ಮುಂದಿನ ಪ್ರವಾಸಕ್ಕೆ ನನ್ನನ್ನು ನಂಬಿ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ — ಇದನ್ನೆಲ್ಲ ಲೆಕ್ಕ ಹಾಕಿದೆ ನಾನು, ಅವಳ ಎದುರಿಗೇ ಕುಳಿತು.

"ಇನ್ನಾ ಸಣ್ಣಾಕಿ ಅದಾಳ್ರಿ. ಮುಂದ ನೋಡೂಣ."

ಹುಲಿಗೆಮ್ಮ ಒಮ್ಮೆ ನನ್ನ ಮುಖ ನೋಡಿದಳು. ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.

ಸೀಟು ಕೈತಪ್ಪಿತು, ಆಮೇಲೆ ಅವಳು ಅಪ್ಪನ ತೋಟ ನೋಡಿಕೊಂಡಳು. ಅಳುತ್ತ ಕೂರುವ ಹುಡುಗಿಯಲ್ಲ ಅದು. ಈಗ ಕಲ್ಲು ಕಂಬ ನಿಲ್ಲಿಸಿ ಡ್ರ್ಯಾಗನ್ ಹಣ್ಣು ಹಬ್ಬಿಸಿದ್ದಾಳೆ, ಸೊಲ್ಲಾಪುರದ ವ್ಯಾಪಾರಿಗಳಿಗೆ ಫೋನಿನಲ್ಲೇ ಬೆವರಿಳಿಸುತ್ತಾಳೆ. ಚೆನ್ನಾಗಿಯೇ ಇದ್ದಾಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಾಗಲೆಲ್ಲ ಆ ನೋಟ ನೆನಪಾಗುತ್ತಿತ್ತು.

ಹೋದ ತಿಂಗಳು ಯಮನೂರಪ್ಪನವರ ಫೋನು. ಸಣ್ಣ ಮಗಳಿಗೆ ರಾಯಚೂರಿನಲ್ಲಿ ಸೀಟು ಸಿಕ್ಕಿದೆ, ಕೈ ಹಿಡಿದು ನಡೆಸುವಂಥ ನಿಮ್ಮ ಪರಿಚಯದವರು ಯಾರಾದರೂ ಅಲ್ಲಿದ್ದಾರೇನು, ಇಲ್ಲವೆಂದರೆ ಓದು ಬಿಡಿಸುತ್ತೇನೆ ಎಂದರು. ಮರುದಿನವೇ ತೋಟಕ್ಕೆ ಹೋದೆ. ಕಟ್ಟೆಯ ಮೇಲೆ ಕುಳಿತು, ಮೊದಲಿನಿಂದ ಹೇಳಿದೆ. ಓಡಿದ್ದಕ್ಕೆ ಬಂದಾಗ, "ಸೀರಿ ಮೊಳಕಾಲತನಕ ಎತ್ತಿದ್ರಿ ಮೇಡಂ" ಎಂದು ಹುಲಿಗೆಮ್ಮ ತಿದ್ದಿದಳು. ಯಮನೂರಪ್ಪನವರು ತೊಡೆ ಬಡಿದುಕೊಂಡು ನಕ್ಕರು. ಚಪ್ಪಲಿ ಅಂಗಡಿಗೆ ಬರುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು. ನಾನೂ ನಗುತ್ತಲೇ ಎರಡನೆಯ ಸುಳ್ಳನ್ನು, ಧಾರವಾಡದ್ದನ್ನು, ಹೇಳತೊಡಗಿದೆ, ಹೇಳುತ್ತ ಹೇಳುತ್ತ ನನ್ನ ನಗು ನಿಂತಿತು.

ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಸಣ್ಣಾಕೀನ ಕಳಸ್ತೀನಿ ಬಿಡ್ರಿ. ಹೋಗ್ಲಿ" ಎಂದರು. ಆಮೇಲೆ ದೊಡ್ಡ ಮಗಳ ಕಡೆ ತಿರುಗಿದರು. "ಹಂಗಾರ ಆವಾಗ ಇಕೀನೂ ಕಳಸಬಹುದಿತ್ತಲ್ರಿ."

ಸಿಟ್ಟಿನಿಂದ ಹೇಳಲಿಲ್ಲ, ಸುಮ್ಮನೆ ಕೇಳಿದರು. ಹೌದ್ರಿ, ಕಳಸಬಹುದಿತ್ತು ಎಂದೆ.