ಹಳೇ ತೋಟದ ಸ್ಟಾಪು

ನಿವೃತ್ತಿಯಾದ ಮೇಲೂ ಎಲ್ಲರೂ ಅವಳನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವಳೂ ಆ ಹೆಸರಿಗೆ ಮೋಸ ಮಾಡಲಿಲ್ಲ. ಮನೆಗೆ ನೆಂಟರು ಬಂದರೆ ಬಾಗಿಲಲ್ಲೇ ನಿಂತು, "ಒಳಗೆ ನಡೀರಿ, ಒಳಗೆ ಜಾಗ ಇದೆ" ಎನ್ನುವಳು. ಜೊತೆಯಲ್ಲೇ ಇದ್ದ ತಂಗಿ, "ಅಕ್ಕಾ, ಅವರು ಕೊಡೆನಾದ್ರೂ ಮಡಚ್ಲಿ" ಎಂದು ಗೊಣಗುವಳು.

ಸೇವೆಯುದ್ದಕ್ಕೂ ಅವಳ ಬಸ್ಸು ಕೆರೆಯಂಚಿನ ಒಂದು ಹಳೇ ತೋಟದ ಮುಂದೆ ಹಾದುಹೋಗುತ್ತಿತ್ತು. "ಹಳೇ ತೋಟ, ಹಳೇ ತೋಟ, ಇಳಿಯೋರು ಬೇಗ ಇಳೀರಿ" ಎಂದು ಕೂಗಿ ಕೂಗಿ ಗಂಟಲು ಸವೆದಿತ್ತು. ಜನ ಇಳಿದು, ಕಲ್ಲಿನ ಗೇಟು ದಾಟಿ, ಮರಗಳ ಕೆಳಗಿನ ಕಾಲುದಾರಿಯಲ್ಲಿ ಮರೆಯಾಗುವುದನ್ನು ಫುಟ್‌ಬೋರ್ಡಿನಿಂದ ನೋಡುತ್ತಿದ್ದಳು. ಆಮೇಲೆ ಸೀಟಿ ಊದಿ, ರೈಟ್ ಎಂದು ಮುಂದಕ್ಕೆ. ಒಮ್ಮೆಯೂ ತಾನು ಇಳಿದಿರಲಿಲ್ಲ.

ಹಾಗಾಗಿ, ಆ ತೋಟವನ್ನು ಹಿಂದಿನಂತೆಯೇ ಕಾಪಾಡಿಕೊಂಡು ಬಂದ ಸಂಸ್ಥೆಗೆ ಜನರನ್ನು ಸುತ್ತಾಡಿಸಿ ತೋರಿಸುವವರು ಬೇಕಂತೆ ಎಂದು ಕಿವಿಗೆ ಬಿದ್ದದ್ದೇ ಓಡಿದಳು. ಅಲ್ಲಿನ ಮೇಲ್ವಿಚಾರಕ ಮೆದು ಮಾತಿನ ಮನುಷ್ಯ. ಒಂದು ಸಂಜೆ ಒಂದು ಗುಂಪನ್ನು ಕರೆದೊಯ್ದು ತೋರಿಸಿ, ಚೆನ್ನಾಗಿದ್ದರೆ ಕೆಲಸ ನಿಮ್ಮದು ಎಂದ. "ಆದ್ರೆ ಅಮ್ಮಾ, ಇಲ್ಲಿಗೆ ಜನ ನೆಮ್ಮದಿ ಹುಡುಕ್ಕೊಂಡು ಬರ್ತಾರೆ. ದನಿ ಸ್ವಲ್ಪ ತಗ್ಗಿರಲಿ."

ಅವಳು ಮನೆಯಲ್ಲೇ ಅಭ್ಯಾಸಕ್ಕಿಳಿದಳು. ಅಡುಗೆಮನೆಯೇ ತೋಟ, ಪಾತ್ರೆ ತೊಳೆಯುವ ಸಿಂಕೇ ಕೆರೆ, ತಂಗಿಯೊಬ್ಬಳೇ ಇಡೀ ಗುಂಪು.

"ಕೆರೆ ಮತ್ತೆ ಮತ್ತೆ ನೋಡಾಯ್ತು," ಎಂದಳು ತಂಗಿ. "ಈ ತೋಟದಲ್ಲಿ ಒಂದು ಲೋಟ ಕಾಫಿ ಸಿಗುತ್ತಾ? ಮತ್ತೆ ಆ ಸೀಟಿ ಮನೇಲೇ ಬಿಟ್ಟು ಹೋಗು, ಹೇಳಿರ್ತೀನಿ."

"ಬಿಡ್ತೀನಿ ಬಿಡೇ."

ಬಿಡಲಿಲ್ಲ. ಕೊರಳು ಬೋಳು ಬೋಳು ಅನಿಸಿ, ಸ್ವೆಟರಿನೊಳಗೆ ನೇತುಹಾಕಿಕೊಂಡೇ ಹೋದಳು.

ಆ ಸಂಜೆ ಮೊದಮೊದಲು ಎಲ್ಲ ಸುಸೂತ್ರವಾಗಿ ನಡೆಯಿತು. ಕಲ್ಲಿನ ಮನೆ ತೋರಿಸಿದಳು. ಹಾಲಿನ ಕ್ಯಾನು ತಂಪಾಗಿರಲೆಂದು ಕೆರೆಯ ನೀರನ್ನು ನೆಲದ ಕಾಲುವೆಯಲ್ಲಿ ಹರಿಸುತ್ತಿದ್ದ ಕೋಣೆ ತೋರಿಸಿದಳು. ದನಿ ಎಷ್ಟು ತಗ್ಗಿತ್ತೆಂದರೆ, ಹಿಂದಿದ್ದವರು ಕಿವಿಗೆ ಕೈ ಕೊಟ್ಟು ಕೇಳಬೇಕಾಯಿತು. ಎಲ್ಲರ ಹಿಂದೆ ಮೇಲ್ವಿಚಾರಕ ತೃಪ್ತಿಯಿಂದ ತಲೆಯಾಡಿಸುತ್ತಿದ್ದ.

ಕೆರೆಯ ಏರಿಯ ಮೇಲೆ ದಾರಿ ಕವಲೊಡೆಯಿತು. ಮಾತಿನಲ್ಲಿ ಮೈಮರೆತ ಇಬ್ಬರು ಹಿರಿಯರು ನೇರ ಕೆಸರಿನ ಕಡೆಗೆ ಹೊರಟರು. ಯೋಚಿಸುವ ಮೊದಲೇ ಅವಳ ಕೈ ಕೊರಳಿಗೆ ಹೋಗಿತ್ತು. ಸೀಟಿ ಊದಿಯೇ ಬಿಟ್ಟಳು.

ಹಿರಿಯರು ನಿಂತರು. ಆದರೆ ಜೊಂಡಿನೊಳಗಿಂದ ಗದ್ದಲ ಎದ್ದಿತು. ತೋಟದ ಹೆಬ್ಬಾತುಗಳಿಗೆ ಕಾಳು ಹಾಕುವವನು ಅವನ್ನು ಕರೆಯುತ್ತಿದ್ದದ್ದೂ ಸೀಟಿ ಊದಿಯೇ. ಹಿಂಡಿಗೆ ಹಿಂಡೇ ಕತ್ತು ಚಾಚಿ ಓಡಿಬಂತು. ಒಂದು ಕಡೆ ನೀರು, ಇನ್ನೊಂದು ಕಡೆ ಗೋಡೆ. ಜನ ಗೋಡೆಗೆ ಅಂಟಿಕೊಂಡರು. ಕಾಳು ಕಾಣದ ಹೆಬ್ಬಾತೊಂದು ಮೇಲ್ವಿಚಾರಕನ ಪ್ಯಾಂಟು ಕಚ್ಚಿ ಎಳೆಯತೊಡಗಿತು.

ಮುಗಿಯಿತು, ಕೆಲಸ ಕೈತಪ್ಪಿತು ಎಂದುಕೊಂಡಳು ಕಂಡಕ್ಟರಮ್ಮ. ಕೆಲಸವೇ ಹೋದ ಮೇಲೆ ದನಿಯನ್ನೇಕೆ ತಗ್ಗಿಸಬೇಕು?

"ಮಧ್ಯ ನಿಲ್ಲಬೇಡಿ, ಮುಂದೆ ಹೋಗ್ತಾ ಇರಿ, ಮುಂದೆ ಎಲ್ಲಾ ಖಾಲಿ ಇದೆ," ಎಂದು ಎರಡೂ ಕೈ ಚಾಚಿ ಹೆಬ್ಬಾತುಗಳ ಹಿಂದೆ ನಿಂತಳು. ಅದು ಕೆರೆಯ ಆಚೆ ದಡಕ್ಕೂ ಕೇಳಿರಬೇಕು. ಹೆಬ್ಬಾತುಗಳು ತಬ್ಬಿಬ್ಬಾಗಿ ತಿರುಗಿ, ಕಾಲುದಾರಿ ಹಿಡಿದು, ಸಾಲಾಗಿ ತಮ್ಮ ಗೂಡಿನತ್ತ ನಡೆದವು. ಒಂದು ಮಾತ್ರ ಬಾಗಿಲಲ್ಲೇ ಅಡ್ಡ ನಿಂತಿತು.

"ಏನಮ್ಮಾ, ನಿನಗೆ ಬೇರೆ ಹೇಳ್ಬೇಕಾ? ಒಳಗೆ ನಡಿ."

ಅದೂ ನಡೆಯಿತು. ಅವಳು ಕದ ಮುಚ್ಚಿ ಅದರ ಮೇಲೆ ಕೈ ತಟ್ಟಿ, "ರೈಟ್" ಎಂದಳು. ಗೋಡೆಗಂಟಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಮೇಲ್ವಿಚಾರಕ ಪ್ಯಾಂಟು ಕೊಡವಿಕೊಳ್ಳುತ್ತ ಬಂದ. "ದಿನಾ ಸಂಜೆ ಇವನ್ನ ಒಳಗೆ ಸೇರಿಸೋಷ್ಟರಲ್ಲಿ ನಮಗೆ ಸಾಕುಸಾಕಾಗುತ್ತೆ. ನಾಳೆಯಿಂದಲೇ ಬನ್ನಿ. ಕೊನೇ ಸುತ್ತು ಇಲ್ಲಿಗೇ ಬಂದು ಮುಗೀಲಿ."

"ಮತ್ತೆ ದನಿ?"

"ಜನರ ಹತ್ರ ತಗ್ಗಿಸಿ. ಇವುಗಳ ಹತ್ರ ನಿಮ್ಮಿಷ್ಟ."

ಈಗ ದಿನವೂ ಅವಳು ತನ್ನ ಹಳೆಯ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ. "ಹಳೇ ತೋಟ, ಇಳಿಯೋರು ಬೇಗ ಇಳೀರಿ" ಎಂದು ಹೊಸ ಕಂಡಕ್ಟರ್ ಹುಡುಗಿ ಕೂಗುತ್ತಾಳೆ. ಕಂಡಕ್ಟರಮ್ಮ ಬೇಕೆಂದೇ ನಿಧಾನಕ್ಕೆ ಇಳಿಯುತ್ತಾಳೆ. ಒಂದು ದಿನ ಹಿಂದಿರುಗಿ ನೋಡಿದರೆ, ಹುಡುಗಿ ಫುಟ್‌ಬೋರ್ಡಿನ ಮೇಲೆ ನಿಂತು ಮರಗಳ ಕೆಳಗಿನ ದಾರಿಯನ್ನೇ ನೋಡುತ್ತಿದ್ದಳು.

"ರಜಾ ದಿನ ಬಾ ಮಗಳೇ, ನಾನೇ ಸುತ್ತಾಡಿಸ್ತೀನಿ," ಎಂದಳು ಕಂಡಕ್ಟರಮ್ಮ. "ನನ್ನ ಹಾಗೆ ನಿವೃತ್ತಿವರೆಗೂ ಕಾಯ್ಬೇಡ."