ತಾಟಿನ ಮುಂದಿನ ‘ಹೌದ್ರಿ’

ನಲ್ಲಿ ಬಂದಾಗ ಕೊಡ, ಹಂಡೆ ತುಂಬಿಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ನಮ್ಮವರ ಅಂಗಿತೋಳಿಗೆ ಆಸಿಡ್ ಬಿದ್ದು ತೂತಾಗಿತ್ತು, ಒಳಗಿನಿಂದ ತೇಪೆ ಹಾಕಿದೆ. ಪುಂಡಿ ಸೊಪ್ಪು ಸೋಸಿ ಕುದಿಯಲು ಇಟ್ಟೆ. ಆಮೇಲೆ ಟೇಪ್ ರೆಕಾರ್ಡರ್ ಮುಂದೆ ಕೂತು, ಒತ್ತಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ನನ್ನ ಗಂಡ ಹಿಂದಿನ ರಾತ್ರಿ ನಮ್ಮದೇ ಅಡಿಗೆಮನೆಯಲ್ಲಿ ಆಡಿದ ಮಾತನ್ನು ಹಾಳೆಗೆ ಇಳಿಸಿದೆ.

ಈ ಕೊನೆಯ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನಮ್ಮ ಹೊರಗಿನ ಕೋಣೆಯಲ್ಲಿ ಇಳಿದುಕೊಂಡಿದ್ದ ಸಂಶೋಧಕನಿಂದ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ಸಿಂಧನೂರಿನಲ್ಲಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿದ್ದರು. ಲಿಂಗಸೂಗೂರು, ಮಸ್ಕಿ ಕಡೆಯ ಮಣ್ಣೂ ಚೀಲದಲ್ಲಿ ಅಲ್ಲಿಗೇ ಬರುತ್ತಿತ್ತು. ಈತ ಮೈಸೂರು ಕಡೆಯವನು. ವಿಜ್ಞಾನದ ತತ್ತ್ವಶಾಸ್ತ್ರದಲ್ಲಿ ಪ್ರಬಂಧ ಬರೆಯುತ್ತಿದ್ದ. ನಮ್ಮ ಕಡೆಯ ಮಾತು ಟೇಪಿನಲ್ಲಿ ಅವನಿಗೆ ತಿಳಿಯುತ್ತಿರಲಿಲ್ಲ, ಅದಕ್ಕೇ ನಾನು.

“ಎಲ್ಲರೂ ಪುಸ್ತಕ ಓದಿ ವಿಜ್ಞಾನ ಅಂದ್ರೆ ಏನು ಅಂತ ಹೇಳ್ತಾರೆ ಅಕ್ಕಾ. ನಾನು ಅದು ನಡೆಯೋ ಜಾಗದಲ್ಲೇ ಕೂತು ನೋಡ್ತೀನಿ, ಕೇಳ್ತೀನಿ” ಎಂದು ಬಂದ ದಿನವೇ ಹೇಳಿದ್ದ. ಮಾತು ಚಲೋ ಇತ್ತು. ಕೂತದ್ದು ಮೊದಲ ವಾರ ಮಾತ್ರ. ಲ್ಯಾಬಿನ ಸೆಕೆ, ಧೂಳು, ಆಸಿಡ್ ವಾಸನೆಗೆ ತಲೆ ಸಿಡಿಯುತ್ತದೆಂದು ವಿಜ್ಞಾನ ನಡೆಯುವ ಜಾಗವನ್ನು ನಮ್ಮ ಅಡಿಗೆಮನೆಗೆ ವರ್ಗ ಮಾಡಿಸಿಕೊಂಡ. ಉಣ್ಣುವಾಗ ಮನುಷ್ಯ ಬಿಚ್ಚಿ ಮಾತಾಡುತ್ತಾನಂತೆ. ತಾಟಿನ ಪಕ್ಕ ಉಪ್ಪಿನಕಾಯಿ, ಉಪ್ಪಿನಕಾಯಿಯ ಪಕ್ಕ ಮೈಕು.

ಅವತ್ತು ನಾನು ಬರೆದುಕೊಂಡದ್ದು ಇಷ್ಟು:

“ಮೀಟರ್ ಇಡೋಕೆ ಮುಂಚೆನೇ ಇದು ಸವಳು ಮಣ್ಣು ಅಂತ ನಿಮಗೆ ಗೊತ್ತಾಗಿರುತ್ತೆ, ಅಲ್ವಾ?”

“ಹಂಗೇನಿಲ್ರಿ. ಇನ್ನೊಂದು ರೊಟ್ಟಿ ಹಾಕ್ಕೋರಿ.”

“ಆದ್ರೂ ಒಳಗೊಳಗೇ ತೀರ್ಮಾನ ಆಗಿರುತ್ತೆ. ಅಳತೆ ಬರೀ ಶಾಸ್ತ್ರಕ್ಕೆ.”

“ಇರಬಹುದ್ರಿ. ಬೆಣ್ಣಿ ಹಚ್ಗೋರಿ.”

“ಅಂದ್ರೆ, ಹೌದು.”

“ಹೌದ್ರಿ, ಹೌದ್ರಿ. ನೀವು ಏನೂ ಉಣ್ಣವಲ್ರಿ.”

ತಾಟಿನ ಮುಂದೆ ಕೂತವರಿಗೆ ನಮ್ಮ ಕಡೆ ಮೇಲಿಂದ ಮೇಲೆ ಇಲ್ಲ ಅನ್ನುವುದಿಲ್ಲ. ಸೂರ್ಯ ಮೂಡಣಕ್ಕೆ ಮುಳುಗುತ್ತಾನೆಂದರೂ ಹೌದ್ರಿ ಎಂದು ಬೆಣ್ಣೆ ಬಡಿಸುತ್ತೇವೆ. ತಿಂಗಳಾನುಗಟ್ಟಲೆ ನಮ್ಮಲ್ಲಿ ಉಂಡರೂ ಅವನಿಗೆ ಇದು ಕಂಡಿರಲಿಲ್ಲ. ಕಾಣದ್ದಕ್ಕೆ ಅವನು ಸಂಶೋಧನಾ ವಿಧಾನ ಎಂದು ಹೆಸರಿಟ್ಟಿದ್ದ.

ನನಗೆ ನಗು ಬರಲಿಲ್ಲ. ವಳಕಮದಿನ್ನಿ ಕಡೆ ಗದ್ದೆಗಳಲ್ಲಿ ಉಪ್ಪು ಏರಿ ಮಣ್ಣು ಸವಳಾಗುತ್ತಿದೆ ಎಂದು ನಮ್ಮವರು ವರದಿ ಕೊಟ್ಟಿದ್ದರು. ಮೇಲಿನ ಸಾಹೇಬರು ಅದನ್ನು ಕಣ್ಣಂದಾಜು ಎಂದು ಆಗಲೇ ಮೂಲೆಗೆ ತಳ್ಳಿದ್ದರು. ‘ಅಳತೆ ಬರೀ ಶಾಸ್ತ್ರಕ್ಕೆ’ ಎಂಬ ಮಾತು ಇವರ ಬಾಯಿಂದ ಬಂತೆಂದು ಅವನ ಪ್ರಬಂಧದಲ್ಲಿ ಅಚ್ಚಾದರೆ ವರದಿಯೂ ಮುಗಿಯಿತು, ಇವರ ಮಾನವೂ ಮುಗಿಯಿತು. ಇವರ ಹೆಸರು ಹಾಕುವುದಿಲ್ಲ ಎನ್ನುತ್ತಿದ್ದ ಅವನು. ಸಿಂಧನೂರಿನಲ್ಲಿ ಮಣ್ಣು ಅಳೆಯುವವರು ಇನ್ನೆಷ್ಟು ಮಂದಿ ಇದ್ದರು?

ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಾಗ ಕೇಳಿದೆ, “ಪಲ್ಯ ಹೆಂಗದರಿ ಸರ?”

“ತುಂಬಾ ಚೆನ್ನಾಗಿದೆ ಅಕ್ಕಾ.”

“ದಿನಾ ಹಂಗ ಅಂತೀರಿ. ದಿನಾ ತಾಟಿನ ಅಂಚಿಗೆ ಸರಿಸಿ ಇಡ್ತೀರಿ. ಹುಳಿ ಸೇರಂಗಿಲ್ಲ ನಿಮಗ.”

“ಏ, ಸುಮ್ಮಿರು. ಅವರಿಗೆ ಉಣ್ಣಾಕ ಬಿಡು” ಎಂದರು ನಮ್ಮವರು.

“ಬಿಡ್ತೀನಿ. ಅವರು ನನಗ ಚೆನ್ನಾಗಿದೆ ಅಂದಂಗ ನೀವು ಅವರಿಗೆ ಹೌದು ಅಂದೀರಿ. ಮೈಸೂರು ಮಂದಿಗೆ ಪುಂಡಿ ಪಲ್ಯ ಅಂದ್ರ ಜೀವ ಅಂತ ನಾನೂ ಅಚ್ಚು ಹಾಕಸಲೇನ್ರಿ ಸರ?”

ಅವನ ಮುಖ ಬಾಡಿತು. ಮರುಗಳಿಗೆ ಎಡಗೈಯಲ್ಲಿ ಪೆನ್ನು ಹುಡುಕಿದ. “ಇದು ಬಹಳ ಮಹತ್ವದ್ದು ಅಕ್ಕಾ.” ಕೆನ್ನೆಗೆ ಬಿಗಿದರೂ ಬರೆದುಕೊಳ್ಳುವ ಜಾತಿ. ಅದೇ ಪ್ರಶ್ನೆಯನ್ನು ಲ್ಯಾಬಿನಲ್ಲಿ ನಿಂತು ಕೇಳಬೇಕೆಂದೆ. ಮತ್ತೆ ಹೌದ್ರಿ ಆಗಬಾರದೆಂದು ನಾನೂ ಜೊತೆಗೆ ಹೋದೆ.

ಲ್ಯಾಬಿನಲ್ಲಿ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಕೇಳಿದ. ಮಣ್ಣು ಕಲಸಿದ ನೀರಿನ ಬಾಟಲಿ ಅಲುಗಿಸುತ್ತಿದ್ದ ನಮ್ಮವರು ತಲೆ ಎತ್ತಲಿಲ್ಲ. “ಇಲ್ರಿ. ಮೀಟರ್ ಏನು ತೋರಸ್ತದ, ಅದನ್ನ ಬರೀತೀನಿ.” ಅವನು ನನ್ನ ಕೈಬರಹದ ಹಾಳೆಯಲ್ಲಿ ಆ ಹೌದನ್ನು ನನ್ನೆದುರೇ ಹೊಡೆದುಹಾಕಿದ. ನನಗೆ ಅಷ್ಟು ಬೇಕಿತ್ತು.

ಆಮೇಲೆ ಯಾರೂ ಕೇಳದಿದ್ದರೂ, ಬಾಟಲಿ ತೊಳೆಯುತ್ತ ಇವರು ಅಂದರು, “ಒಂದು ಮಾತದ ನೋಡ್ರಿ. ನಾ ಅನಕೊಂಡಂಗ ಬಂದ್ರ ಒಮ್ಮೆ ಅಳದು ಬಿಡ್ತೀನಿ. ಬರಲಿಲ್ಲಂದ್ರ ಮತ್ತ ಅಳೀತೀನಿ. ಇದು ಸರಿನೋ ತಪ್ಪೋ, ನನಗ ಇನ್ನೂ ತಿಳಿದಿಲ್ಲ.”

ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿರದ ಮಾತು ಅದು. ಇದನ್ನು ಕೇಳಲೆಂದೇ ಮೈಸೂರು ಕಡೆಯಿಂದ ಬಸ್ಸು ಹತ್ತಿ ಬಂದವನು ಬಾಗಿಲ ಬಳಿ ಮೈಕಿನ ವಯರು ಸುತ್ತುತ್ತಿದ್ದ. “ಏನಂದ್ರಿ?” ಎಂದ.

“ಏನಿಲ್ರಿ” ಎಂದರು ನಮ್ಮವರು.

ನಾನೂ ಹೇಳಲಿಲ್ಲ. ಕೂತು ಕೇಳುತ್ತೇನೆಂದು ಬಂದವನು, ಕೇಳಿಸಿಕೊಳ್ಳಲಿ.

ರಾತ್ರಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳಿದ ಪುಂಡಿ ಪಲ್ಯ. ಅವನಿಗೆ ಪಲ್ಯ ಹಾಕಲಿಲ್ಲ, ಅವನೂ ಕೇಳಲಿಲ್ಲ. ಎಂದಿಗಿಂತ ಒಂದು ರೊಟ್ಟಿ ಹೆಚ್ಚೇ ಉಂಡ, ಲ್ಯಾಬಿನ ಕೆಲಸ ಯಶಸ್ವಿಯಾಯಿತು ಎಂದ.

“ಹೌದ್ರಿ” ಎಂದರು ನಮ್ಮವರು.

ಎಲ್ಲರಿಗಿಂತ ಮೊದಲು ಮಲಗಿದವನೂ ಅವನೇ. ಇವರು ಹಾಸಿಗೆಯ ಮೇಲೆ ಕೂತು, ಆ ಮತ್ತೊಮ್ಮೆ ಅಳೆಯುವ ಮಾತನ್ನು ನನ್ನ ಹತ್ತಿರ ಇನ್ನೊಂದು ಸಲ ಆಡಿದರು. ಪೂರ್ತಿ ಕೇಳಿದೆ. ಆಮೇಲೆ ಅವರಿಗೂ ನಿದ್ದೆ ಹತ್ತಿತು.